ಊರ ನಡುವಿನ 21 ಎಕರೆ, ಅದರ ಪಕ್ಕದ 85 ಎಕರೆ

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಹೆಚ್ಚುಕಡಿಮೆ ಆಡಿದ ಹಾಗೇ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮುಂಚೆ ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನ ಫ್ರೀಡಂ ಪಾರ್ಕಿನ ಒಳಗೆ ಹೋಗಿದ್ದೀರಿ? ಪ್ರತಿಭಟನೆಗೆ ಅಲ್ಲ, ಕಾರು ನಿಲ್ಲಿಸುವುದಕ್ಕೂ ಅಲ್ಲ. ಸುಮ್ನೆ, ಅರ್ಧ ಗಂಟೆ ಕೂತು ಬರುವುದಕ್ಕೆ. ಕೈ ಎತ್ತಿ, ನೋಡೋಣ.

ಏಳು ಕೈ. ಇಲ್ಲಿ ಐವತ್ತು ಅರವತ್ತು ಜನ ಇದ್ದೀರಿ. ಎಲ್ಲರೂ ಬೆಂಗಳೂರಿನವರೇ. ಎಷ್ಟೋ ಜನ ವಾರಕ್ಕೆ ಎರಡು ಸಲ ಮೆಜೆಸ್ಟಿಕ್ ದಾಟುವವರು. ಅಲ್ಲಿಂದ ನಡೆದರೆ ಹದಿನೈದು ಇಪ್ಪತ್ತು ನಿಮಿಷ ಅಷ್ಟೇ. ಊರಿನ ಹೃದಯದಲ್ಲಿ ಸುಮಾರು 21 ಎಕರೆ ಜಾಗ, ಒಳಗೆ ಹೋಗೋಕೆ ಟಿಕೆಟ್ಟೂ ಇಲ್ಲ, ಆದರೂ ಏಳೇ ಕೈ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದೆಲ್ಲ ಈ ಏಳು ಕೈಯಲ್ಲೇ ಇದೆ.

ನಾನು ಆರ್ಕಿಟೆಕ್ಟ್ ಅಲ್ಲ, ಪ್ಲಾನಿಂಗ್ ಓದಿದವಳೂ ಅಲ್ಲ. ಮೈಸೂರು ಬ್ಯಾಂಕ್ ಸರ್ಕಲ್ ಹತ್ತಿರದ ಒಂದು ಆಫೀಸಿನಲ್ಲಿ 28 ವರ್ಷ ಲೆಕ್ಕಪತ್ರ ನೋಡಿದವಳು. ಆನಂದರಾವ್ ಸರ್ಕಲ್‌ನಲ್ಲಿ ಬಸ್ ಇಳಿದು ಶೇಷಾದ್ರಿ ರಸ್ತೆ ಹಿಡಿದು ನಡೆಯುತ್ತಿದ್ದೆ. ಆ ರಸ್ತೆಯ ಒಂದು ಬದಿಗೆ, ಈಗ ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿ, ಆಗ ಇದ್ದ ಸೆಂಟ್ರಲ್ ಜೈಲಿನ ಗೋಡೆ. ಎತ್ತರದ ಗೋಡೆ, ಉದ್ದಕ್ಕೂ ಒಂದು ಕಿಟಕಿ ಇಲ್ಲ, ಅಂಗಡಿ ಇಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತಿತ್ತು. ಸಂಜೆ ಏಳರ ಮೇಲೆ ನಾವು ಹೆಂಗಸರು ಆ ಬದಿ ಬಿಟ್ಟು ಎದುರು ಬದಿಯಲ್ಲಿ ನಡೆಯುತ್ತಿದ್ದೆವು. ಒಳಗಿದ್ದ ಕೈದಿಗಳ ಭಯ ಅಲ್ಲ ಅದು. ಹೊರಗೆ ಯಾರೂ ಇಲ್ಲದ ರಸ್ತೆಯ ಭಯ.

ಆ ಜೈಲು ಕಟ್ಟಿದ್ದು 1860ರ ದಶಕದಲ್ಲಿ, ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ. ನಡುವೆ ಒಂದು ಕಾವಲು ಗೋಪುರ, ಅದರ ಸುತ್ತ ಚಕ್ರದ ಅರೆಗಳ ಹಾಗೆ ಚಾಚಿದ ಬ್ಯಾರಕ್ಕುಗಳು. ಗೋಪುರದ ಮೇಲೆ ಒಬ್ಬ ನಿಂತರೆ ಸಾಕು, ಎಲ್ಲ ಬದಿಯೂ ಕಾಣುತ್ತದೆ. ತುರ್ತು ಪರಿಸ್ಥಿತಿಯ ಕಥೆ ನಿಮಗೆ ಗೊತ್ತಿರಬಹುದು. 1975ರ ಜೂನ್ ಕೊನೆಯಲ್ಲಿ ಸಂಸತ್ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲ ಇಲ್ಲೇ ಹಿಡಿದು ಈ ಜೈಲಿಗೆ ಹಾಕಿದರು. ನಟಿ ಸ್ನೇಹಲತಾ ರೆಡ್ಡಿ ಅವರನ್ನೂ ಇಲ್ಲೇ ಇಟ್ಟಿದ್ದರು. ಅವರಿಗೆ ಆಸ್ತಮಾ ಇತ್ತು. ತಿಂಗಳುಗಟ್ಟಲೆ ನರಳಿ 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆ ಗೋಡೆಯ ಪಕ್ಕ ನಡೆಯುವಾಗ ನನಗೆ ಅವರ ನೆನಪೇ ಜಾಸ್ತಿ ಆಗುತ್ತಿತ್ತು.

2000ನೇ ಇಸವಿ ಹೊತ್ತಿಗೆ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಯಿತು. ಇಲ್ಲಿ 21 ಎಕರೆ ಖಾಲಿ ಆಯಿತು. ಆ ಹೊತ್ತಿನ ಬೆಂಗಳೂರು ನೆನಪಿಸಿಕೊಳ್ಳಿ. ಐಟಿ ಕಂಪನಿಗಳು ಬರುತ್ತಿವೆ, ಸೈಟಿನ ಬೆಲೆ ವರ್ಷಕ್ಕೊಂದು ಸಲ ಅಲ್ಲ ತಿಂಗಳಿಗೊಂದು ಸಲ ಏರುತ್ತಿದೆ, ಕಂಡ ಕಂಡ ಜಾಗದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದೆ. ಅಂಥ ಹೊತ್ತಿನಲ್ಲಿ ವಿಧಾನಸೌಧದಿಂದ ಕೂಗಳತೆ ದೂರದ ಜಾಗವನ್ನು ಮಾರದೆ ಉಳಿಸಿಕೊಂಡರಲ್ಲ, ಅದನ್ನು ನಾನು ಸಣ್ಣ ಮಾತು ಅಂದುಕೊಳ್ಳುವುದಿಲ್ಲ. ವಿನ್ಯಾಸಕ್ಕೆ ಸ್ಪರ್ಧೆ ಇಟ್ಟರು. ಬೆಂಗಳೂರಿನದೇ ಮ್ಯಾಥ್ಯೂ ಅಂಡ್ ಘೋಷ್ ಅನ್ನುವ ಆರ್ಕಿಟೆಕ್ಟರ ಯೋಜನೆ ಗೆದ್ದಿತು. ಅವರು ಎಲ್ಲವನ್ನೂ ಕೆಡವಲಿಲ್ಲ. ಗೋಪುರ ಉಳಿಸಿದರು, ಬ್ಯಾರಕ್ ಉಳಿಸಿದರು, ಗೋಡೆಯಲ್ಲೂ ಒಂದಷ್ಟು ಉಳಿಸಿದರು. ಪ್ರತಿಭಟನೆಗೆ, ಸಭೆಗೆ ಅಂತ ಜಾಗ ಬಿಟ್ಟರು. 2008ರ ನವೆಂಬರಿನಲ್ಲಿ ಪಾರ್ಕು ತೆರೆಯಿತು.

ಮೊದಲ ಸಲ ಒಳಗೆ ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಊಟದ ಡಬ್ಬಿ ಹಿಡಿದು ನಾವು ಮೂವರು ಹೋದೆವು. ಅಷ್ಟು ವರ್ಷ ಹೊರಗಿನಿಂದಲೇ ನೋಡಿದ್ದ ಗೋಡೆಯ ಒಳಮೈ ಮೊದಲ ಸಲ ಕಂಡಿತು. ಒಂದು ಕಡೆ ನಿಂತು ಗೋಡೆಗೆ ಅಂಗೈ ಒತ್ತಿ ನೋಡಿದೆ. ಬಿಸಿಲಿಗೆ ಕಾದಿತ್ತು. ನನ್ನ ಜೊತೆಗಿದ್ದವರು ಬ್ಯಾರಕ್ಕಿನ ಒಂದು ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ, "ಇಲ್ಲಿ ಮಲಗ್ತಿದ್ರು ಅಲ್ವಾ?" ಅಂದರು. ಆಮೇಲೆ ಯಾರಿಗೂ ತಕ್ಷಣ ತುತ್ತು ಎತ್ತಲು ಆಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಮಗು ಓಡಿ ಬಂದು ಗೋಪುರದ ಸುತ್ತ ಸುತ್ತಲು ಶುರು ಮಾಡಿತು. ಅದರ ಅಮ್ಮ ಹಿಂದೆ ಓಡಿದರು. ಆಗ ಊಟ ಇಳಿಯಿತು.

ಇಷ್ಟು ಹೇಳಿದ ಮೇಲೆ ಒಂದು ಪದದ ಬಗ್ಗೆ ಮಾತಾಡಬೇಕು. ನಾವು ಇಂಥ ಜಾಗಕ್ಕೆ "ಸರ್ಕಾರಿ ಜಾಗ" ಅನ್ನುತ್ತೇವೆ. ನಮ್ಮ ತಂದೆಯ ಊರು ಮಾಗಡಿ ಕಡೆ. ಅಲ್ಲಿ ಊರ ಮುಂದೆ ಒಂದು ಗುಂಡುತೋಪು ಇತ್ತು. ಮಾವು, ನೇರಳೆ, ಹೊಂಗೆ. ಕಂದಾಯದ ದಾಖಲೆಯಲ್ಲಿ ಅದೂ ಸರ್ಕಾರದ್ದೇ. ಆದರೆ ಯಾರೂ ಸರ್ಕಾರಿ ತೋಪು ಅನ್ನುತ್ತಿರಲಿಲ್ಲ. ಊರ ತೋಪು ಅನ್ನುತ್ತಿದ್ದರು. ಊರ ಬಾವಿ, ಊರ ಕೆರೆ, ಊರ ತೋಪು. ಸಂತೆಗೆ ಹೋಗುವ ಗಾಡಿಯವರು ಎತ್ತು ಬಿಚ್ಚಿ ಅಲ್ಲಿ ಮಲಗುತ್ತಿದ್ದರು, ಕುರಿ ಕಾಯುವ ಹುಡುಗರು ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರು, ಮದುವೆ ದಿಬ್ಬಣ ಅಲ್ಲಿ ಇಳಿದು ಸೀರೆ ಸರಿ ಮಾಡಿಕೊಂಡು ಊರೊಳಗೆ ಬರುತ್ತಿತ್ತು, ನೇರಳೆ ಹಣ್ಣಿನ ಕಾಲಕ್ಕೆ ಇಡೀ ಊರಿನ ಮಕ್ಕಳ ನಾಲಿಗೆ ನೀಲಿ ಆಗುತ್ತಿತ್ತು. ಒಂದೇ ಜಾಗ, ಹೊತ್ತಿಗೊಂದು ಜನ. ಅದಕ್ಕೆ ಗೇಟು ಇರಲಿಲ್ಲ, ಬೀಗ ಹಾಕುವವರು ಯಾರು ಅನ್ನುವ ಪ್ರಶ್ನೆಯೂ ಇರಲಿಲ್ಲ. "ಊರ" ಅನ್ನುವ ಪದ ಹೋಗಿ "ಸರ್ಕಾರಿ" ಅನ್ನುವ ಪದ ಬಂದಾಗ ನಾವು ಏನನ್ನೋ ಕಳೆದುಕೊಂಡೆವು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಬೆಂಗಳೂರಿನಲ್ಲೂ ಹೀಗೇ ಆಗಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಕೋರಮಂಗಲದ ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಮನೆಗಳು ಎದ್ದವು. ಒಬ್ಬರು ಕೇಳಬಹುದು, ಬಸ್ ನಿಲ್ದಾಣವೂ ಜನರದ್ದೇ ಅಲ್ವಾ, ಕ್ರೀಡಾಂಗಣವೂ ಜನರದ್ದೇ ಅಲ್ವಾ ಅಂತ. ಹೌದು. ಆದರೆ ಯಾವ ಜನರದ್ದು? ಸಂಪಂಗಿ ಕೆರೆಯ ನೀರಿನಲ್ಲಿ ಸೊಪ್ಪು, ಹೂವು, ತರಕಾರಿ ಬೆಳೆಯುತ್ತಿದ್ದವರು ಇದ್ದರು. ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ದಂಡು ಪ್ರದೇಶದವರಿಗೆ, ಅಂದರೆ ಕಂಟೋನ್ಮೆಂಟಿನವರಿಗೆ, ಆ ಕೆರೆ ಬೇಡವಾಯಿತು. ತೋಟದವರಿಗೆ ಬೇಕಿತ್ತು. ಬೇಡ ಅಂದವರ ಮಾತು ನಡೆಯಿತು. ಇವತ್ತು ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಸಣ್ಣ ಕಲ್ಯಾಣಿಯಷ್ಟು ನೀರು ಉಳಿದಿದೆ. ಕರಗದ ಕಾಲದಲ್ಲಿ ತಿಗಳ ಸಮುದಾಯದವರು ಶಾಸ್ತ್ರಕ್ಕೆ ಈಗಲೂ ಅಲ್ಲಿಗೇ ಬರುತ್ತಾರೆ. ನಕ್ಷೆಯಲ್ಲಿ ಕೆರೆ ಇಲ್ಲ. ಕರಗಕ್ಕೆ ಮಾತ್ರ ಅಲ್ಲಿ ಕೆರೆ ಇದೆ. ನನಗೆ ಈ ಊರಿನಲ್ಲಿ ಇದಕ್ಕಿಂತ ಮನಸ್ಸು ಕಲಕುವ ಜಾಗ ಇನ್ನೊಂದಿಲ್ಲ.

ಈಗ ಸ್ವಲ್ಪ ಮುಂಬೈಗೆ ಹೋಗಿ ಬರೋಣ. ಯಾಕೆಂದರೆ ಖಾಲಿ ಆದ ಜಾಗವನ್ನು ಹೇಗೆ ಕಳೆದುಕೊಳ್ಳಬಾರದು ಅನ್ನುವುದಕ್ಕೆ ಅಲ್ಲಿನ ಗಿರಣಿ ಜಾಗಕ್ಕಿಂತ ದೊಡ್ಡ ಪಾಠ ನಮ್ಮ ದೇಶದಲ್ಲಿ ಇಲ್ಲ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಮುಷ್ಕರ ಗೆಲ್ಲಲಿಲ್ಲ, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊರ ಮಧ್ಯದಲ್ಲಿ, ಪರೇಲ್, ಲೋವರ್ ಪರೇಲ್ ಸುತ್ತ, ಸುಮಾರು 600 ಎಕರೆ. ಅದರಲ್ಲಿ ಎಷ್ಟೋ ಗಿರಣಿಗಳು ರಾಷ್ಟ್ರೀಯ ಜವಳಿ ನಿಗಮದ ಕೈಲಿದ್ದವು, ಅಂದರೆ ಜನರದ್ದೇ. 1991ರಲ್ಲಿ ಒಂದು ಒಳ್ಳೆಯ ನಿಯಮ ಬಂತು. ಜಾಗವನ್ನು ಮೂರು ಪಾಲು ಮಾಡಿ. ಒಂದು ಪಾಲು ಪಾಲಿಕೆಗೆ, ಬಯಲು ಮತ್ತು ಉದ್ಯಾನಕ್ಕೆ. ಒಂದು ಪಾಲು ಕಡಿಮೆ ಬೆಲೆಯ ಮನೆಗಳಿಗೆ. ಉಳಿದದ್ದು ಮಾಲೀಕರಿಗೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಹಾಗೆ, ಯಾರಿಗಾದರೂ ಅರ್ಥ ಆಗುವಂಥದ್ದು.

ಹತ್ತು ವರ್ಷ ಕಳೆಯಿತು. 2001ರಲ್ಲಿ ಆ ನಿಯಮವನ್ನು ಸ್ವಲ್ಪ ತಿದ್ದಿದರು. ಮೂರು ಪಾಲು ಮಾಡಬೇಕಾದ್ದು ಇಡೀ ಜಾಗವನ್ನಲ್ಲ, ಕಟ್ಟಡ ಇಲ್ಲದೆ ಖಾಲಿ ಇರುವ ಭಾಗವನ್ನು ಮಾತ್ರ. ನಾನು ಲೆಕ್ಕಪತ್ರದವಳು, ಇಂಥ ಒಂದು ಸಾಲು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಗಿರಣಿ ಅಂದರೇನು? ಬಹುಪಾಲು ಕಟ್ಟಡವೇ. ಶೆಡ್ಡು, ಗೋದಾಮು, ಚಿಮಣಿ. ಖಾಲಿ ಜಾಗ ಎಷ್ಟಿರುತ್ತದೆ? ಹಾಗಾಗಿ ಪಾಲಿಗೆ ಬಂದದ್ದು ಚೂರುಪಾರು. ಕೋರ್ಟಿಗೆ ಹೋದರು, 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದಕ್ಕೆ ಮುಂಚೆಯೇ, 2005ರಲ್ಲಿ, ನಿಗಮ ಐದು ಗಿರಣಿಗಳನ್ನು ಹರಾಜು ಹಾಕಿತ್ತು. ಒಂದನ್ನೇ 702 ಕೋಟಿಗೆ ಕೊಂಡರು. ಆಗ ಅದು ದೊಡ್ಡ ಸುದ್ದಿ.

ಆಮೇಲೆ ಅಲ್ಲಿ ಮಾಲು ಬಂತು, ಆಫೀಸು ಬಂತು, ಗೋಪುರದಂಥ ಅಪಾರ್ಟ್‌ಮೆಂಟು ಬಂತು. ದಿನಾ ಲಕ್ಷಾಂತರ ಜನ ಅಲ್ಲಿಗೆ ಕೆಲಸಕ್ಕೆ ಬರತೊಡಗಿದರು. ರೈಲು ನಿಲ್ದಾಣ ಮಾತ್ರ ಗಿರಣಿ ಕಾಲದ್ದೇ. ಮೆಟ್ಟಿಲು ಅಷ್ಟೇ ಅಗಲ. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ, ಮಳೆ ಬರುತ್ತಿತ್ತು, ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಪಾದಚಾರಿ ಸೇತುವೆ ಮೇಲೆ ನೂಕುನುಗ್ಗಲು ಆಗಿ 23 ಜನ ಸತ್ತರು. ಕೆಲಸಕ್ಕೆ ಹೊರಟವರು. ಬ್ಯಾಗಿನಲ್ಲಿ ಡಬ್ಬಿ ಇದ್ದವರು. ನಿಯಮದ ಪುಸ್ತಕದಲ್ಲಿ ಒಂದು ಸಾಲು ತಿದ್ದಿದ್ದಕ್ಕೂ ಆ ಮೆಟ್ಟಿಲಿಗೂ ನೇರ ಗೆರೆ ಎಳೆಯುವುದು ಕಷ್ಟ ಅಂತ ಯಾರಾದರೂ ಹೇಳಬಹುದು. ನಾನು ಎಳೆಯುತ್ತೇನೆ. ಊರ ನಡುವಿನ ಜಾಗದಲ್ಲಿ ಎಷ್ಟು ಜನ ಬರುತ್ತಾರೆ, ಅವರು ಎಲ್ಲಿ ಇಳಿಯುತ್ತಾರೆ, ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ಕೇಳದೆ ಎಷ್ಟು ಚದರಡಿ ಕಟ್ಟಬಹುದು ಅಂತ ಮಾತ್ರ ಕೇಳಿದ್ದರ ಫಲ ಅದು.

ಇನ್ನೊಂದು ಊರಿನ ಕಥೆ ಬೇಗ ಹೇಳಿಬಿಡುತ್ತೇನೆ. ಜರ್ಮನಿಯ ಬರ್ಲಿನ್‌ನಲ್ಲಿ ಟೆಂಪೆಲ್‌ಹಾಫ್ ಅಂತ ಹಳೆಯ ವಿಮಾನ ನಿಲ್ದಾಣ. ನಮ್ಮ ಫ್ರೀಡಂ ಪಾರ್ಕ್ ತೆರೆಯುವುದಕ್ಕೆ ಸ್ವಲ್ಪ ಮುಂಚೆ, 2008ರ ಅಕ್ಟೋಬರ್ ಕೊನೆಯಲ್ಲಿ, ಅದನ್ನು ಮುಚ್ಚಿದರು. 300 ಹೆಕ್ಟೇರಿಗೂ ಜಾಸ್ತಿ ಬಯಲು. 2010ರ ಮೇ ತಿಂಗಳಲ್ಲಿ ಗೇಟು ತೆರೆದರು. ಬೇರೆ ಏನೂ ದೊಡ್ಡದಾಗಿ ಮಾಡಲಿಲ್ಲ. ರನ್‌ವೇ ಹಾಗೇ ಬಿಟ್ಟರು. ಜನ ಅದರ ಮೇಲೆ ಸೈಕಲ್ ಹೊಡೆದರು, ಗಾಳಿಪಟ ಹಾರಿಸಿದರು, ಒಂದು ಮೂಲೆಯಲ್ಲಿ ತರಕಾರಿ ಬೆಳೆದರು. ನಾಲ್ಕು ವರ್ಷ ಆದ ಮೇಲೆ ಅಂಚಿನಲ್ಲಿ ಮನೆ ಮತ್ತು ಗ್ರಂಥಾಲಯ ಕಟ್ಟುತ್ತೇವೆ ಅಂತ ನಗರಾಡಳಿತ ಹೊರಟಿತು. 2014ರ ಮೇ 25ರಂದು ಊರಿನವರು ಮತ ಹಾಕಿದರು. ನೂರಕ್ಕೆ 64 ಮಂದಿ ಕಟ್ಟುವುದು ಬೇಡ ಅಂದರು. ಇದು ಸರಿಯೋ ತಪ್ಪೋ ಅನ್ನುವ ಜಗಳ ಅಲ್ಲಿ ಇನ್ನೂ ಇದೆ, ಯಾಕೆಂದರೆ ಬಾಡಿಗೆ ಏರಿದೆ, ಮನೆ ಸಾಲದು. ನನಗೂ ಅವರು ಅಂಚಿನಲ್ಲಿ ಒಂದಷ್ಟು ಮನೆ ಕಟ್ಟಬಹುದಿತ್ತು ಅನ್ನಿಸುತ್ತದೆ. ಆದರೆ ನಾನು ಕಲಿತದ್ದು ಬೇರೆ. ಅವರು ಮೊದಲು ತೆರೆದರು, ಆಮೇಲೆ ಯೋಚಿಸಿದರು. ನಾಲ್ಕು ವರ್ಷ ಕಾಲಿಟ್ಟು ಓಡಾಡಿದ ಜಾಗದ ಬಗ್ಗೆ ಜನ ಮತ ಹಾಕಿದರು. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರ ನೋಡಿ ಅಲ್ಲ.

ನಾವು ಯಾವಾಗಲೂ ಉಲ್ಟಾ ಮಾಡುತ್ತೇವೆ. ಮೊದಲು ಸುತ್ತ ತಗಡು ಬಡಿಯುತ್ತೇವೆ. ಆಮೇಲೆ ಡಿಪಿಆರ್ ಅನ್ನುವ ವಿವರವಾದ ಯೋಜನಾ ವರದಿ, ಟೆಂಡರ್, ಶಂಕುಸ್ಥಾಪನೆ. ವರ್ಷಗಟ್ಟಲೆ ತಗಡು. ತೆರೆಯುವ ಹೊತ್ತಿಗೆ ಆ ಜಾಗದ ಪಕ್ಕ ನಡೆಯುವ ಅಭ್ಯಾಸವೇ ಜನಕ್ಕೆ ತಪ್ಪಿಹೋಗಿರುತ್ತದೆ.

ಈಗ ಮತ್ತೆ ಫ್ರೀಡಂ ಪಾರ್ಕಿಗೆ ಬರುತ್ತೇನೆ. ಮುಂಚೆ ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಟೌನ್‌ಹಾಲ್ ಮೆಟ್ಟಿಲು, ಮೌರ್ಯ ಸರ್ಕಲ್‌ನ ಗಾಂಧಿ ಪ್ರತಿಮೆ, ಮೈಸೂರು ಬ್ಯಾಂಕ್ ಸರ್ಕಲ್, ಬನ್ನಪ್ಪ ಪಾರ್ಕು. ಊರು ಓಡಾಡುವ ದಾರಿಯಲ್ಲೇ ಜನ ನಿಂತು ಕೂಗುತ್ತಿದ್ದರು. 2021ರಲ್ಲಿ ಸಂಚಾರಕ್ಕೆ ಆಗುವ ತೊಂದರೆ ನೋಡಿ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಆಮೇಲೆ ಬಂದ ಆದೇಶದಿಂದ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಅಂತಾಯಿತು. ಆಂಬುಲೆನ್ಸ್ ಸಿಕ್ಕಿಹಾಕಿಕೊಂಡವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೆ ಒಂದು ಕೋಟಿಗೂ ಮೀರಿದ ಜನರ ಊರಿಗೆ, ಅಷ್ಟೇ ಅಲ್ಲ, ಇಡೀ ರಾಜ್ಯದಿಂದ ಅಹವಾಲು ಹೊತ್ತು ಬರುವವರಿಗೆ ಒಂದೇ ಒಂದು ಮೂಲೆ ಅಂದರೆ ಹೇಗೆ? ಜನರು ಕೂಡಲಿ ಅಂತ ಮಾಡಿದ ಬಯಲು, ಜನರನ್ನು ಕೂಡಿಹಾಕುವ ಜಾಗ ಆಗಬಾರದು. ಅದೂ ಹಳೆಯ ಜೈಲಿನ ಜಾಗದಲ್ಲಿ.

2023ರ ಜನವರಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಅಲ್ಲಿ ಧರಣಿ ಕೂತಿದ್ದರು. ದಿನಗಟ್ಟಲೆ, ಹಗಲೂ ರಾತ್ರಿ. ನಾನು ಒಂದು ಮಧ್ಯಾಹ್ನ ಹೋದೆ. ಬೇಲಿಯ ಕಂಬಿಗಳ ಮೇಲೆ ಒಗೆದ ಸೀರೆ ಹರಡಿದ್ದರು. ರಸ್ತೆ ಮೇಲೆ ಟಾರ್ಪಲ್. ಕಲಬುರಗಿ ಕಡೆಯ ಒಬ್ಬಾಕೆ, ನನ್ನ ವಯಸ್ಸಿನವರೇ, ಬಟ್ಟೆಯ ಗಂಟು ಬಿಚ್ಚಿ ಜೋಳದ ರೊಟ್ಟಿ ಮುರಿದು ನನ್ನ ಕೈಗೂ ಒಂದು ಚೂರು ಕೊಟ್ಟರು, ಮೇಲೆ ಶೇಂಗಾ ಚಟ್ನಿಪುಡಿ.

"ಕೂಡ್ರಿ ಅಕ್ಕಾರ, ಯಾಕ್ ನಿಂತೀರಿ," ಅಂದರು. ಕೂತೆ.

"ರಾತ್ರಿ ಚಳಿ ಆಗಲ್ವಾ?" ಅಂತ ಕೇಳಿದೆ.

"ಚಳಿಗೆ ಹೊತ್ಕೋಳಾಕ ಕೌದಿ ತಂದೀವ್ರಿ. ಹಗಲಿಗೆ ನೆಳ್ಳ ಎಲ್ಲಿಂದ ತರೂಣ್ರಿ? ಸಂಡಾಸಕ್ಕ ಹೋಗ್ಬೇಕಂದ್ರ ಪಾಳಿ. ಇಷ್ಟ್ ದೊಡ್ಡ ಊರಾಗ ಕೂಡ್ರಾಕ ನೆಳ್ಳ ಇಲ್ಲೇನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಬೆನ್ನ ಹಿಂದೆ ಗೋಡೆ, ಗೋಡೆಯ ಆಚೆ ಮರ, ಮರದ ಕೆಳಗೆ ಬೆಂಚು. ಜಾಗ ಇತ್ತು. ಜಾಗಕ್ಕೂ ಅವರಿಗೂ ನಡುವೆ ವ್ಯವಸ್ಥೆ ಇರಲಿಲ್ಲ. ಅದೇ ಆವರಣದಲ್ಲಿ ಈಗ ಬಹುಮಹಡಿ ವಾಹನ ನಿಲ್ದಾಣ ಎದ್ದಿದೆ, 500ಕ್ಕೂ ಹೆಚ್ಚು ಕಾರಿಗೆ ನೆರಳು ಸಿಕ್ಕಿದೆ. ಕಾರು ನಿಲ್ಲಿಸಲು ಜಾಗ ಬೇಕು, ಬೇಡ ಅನ್ನುವುದಿಲ್ಲ. ಆದರೆ ಯಾರ ನೆರಳಿನ ಲೆಕ್ಕ ಮೊದಲು ಹಾಕಿದೆವು ಅಂತ ನೋಡಿಕೊಳ್ಳಬೇಕು ಅಲ್ವಾ?

ಇಷ್ಟೆಲ್ಲ ಹಳೆಯ ಕಥೆ ಯಾಕೆ ಹೇಳಿದೆ ಅಂದರೆ, ಫ್ರೀಡಂ ಪಾರ್ಕಿನಿಂದ ಸ್ವಲ್ಪವೇ ದೂರದಲ್ಲಿ ಅದರ ನಾಲ್ಕು ಪಟ್ಟು ದೊಡ್ಡ ಜಾಗ ಇದೆ. ರೇಸ್ ಕೋರ್ಸ್. ಸುಮಾರು 85 ಎಕರೆ. ಅದು ಸರ್ಕಾರದ ಜಮೀನು, ಕುದುರೆ ರೇಸ್ ನಡೆಸುವ ಟರ್ಫ್ ಕ್ಲಬ್‌ಗೆ ಗುತ್ತಿಗೆಗೆ ಕೊಟ್ಟದ್ದು. ಗುತ್ತಿಗೆ ಮುಗಿದದ್ದು 2009ರಲ್ಲಿ. ಆವತ್ತಿನಿಂದ ಕೋರ್ಟು, ಮಾತುಕತೆ, ಬೇರೆ ಕಡೆ ಹೋಗುವ ಯೋಜನೆಗಳು. ಯಾವತ್ತಾದರೂ ಒಂದು ದಿನ ಅದು ಖಾಲಿ ಆಗುತ್ತದೆ. ಆ ದಿನ ಬಂದಾಗ ನಾವು ತಯಾರಿರಬೇಕು. ಯಾಕೆಂದರೆ ಬೇರೆಯವರು ಖಂಡಿತ ತಯಾರಿರುತ್ತಾರೆ.

ನನ್ನ ಆಸೆ ಏನು ಅಂತ ಹೇಳಿಬಿಡುತ್ತೇನೆ. ಮೊದಲನೆಯದು, ಮಾರಬಾರದು. 99 ವರ್ಷದ ಗುತ್ತಿಗೆಯೂ ಬೇಡ, ಅದು ಮಾರಿದ ಹಾಗೇ. ಸಾವಿರಾರು ಕೋಟಿ ಬರುತ್ತದೆ, ಆಸ್ಪತ್ರೆ ಕಟ್ಟಬಹುದು ಅನ್ನುತ್ತಾರೆ. ನಾನು ವರ್ಷಗಟ್ಟಲೆ ಜಮಾ ಖರ್ಚು ಬರೆದವಳು. ಜಮೀನು ಮಾರಿ ಬಂದ ದುಡ್ಡು ಒಂದು ಬಜೆಟ್ಟಿನಲ್ಲಿ ಕರಗುತ್ತದೆ. ಬಿತ್ತನೆ ಕಾಳು ಬೇಯಿಸಿ ತಿಂದ ಹಾಗೆ. ಊರ ನಡುವೆ ಇನ್ನೊಂದು 85 ಎಕರೆಯನ್ನು ಯಾವ ಬಜೆಟ್ಟೂ ಕೊಂಡು ತರಲಾರದು.

ಎರಡನೆಯದು, ಖಾಲಿ ಆದ ದಿನವೇ ಗೇಟು ತೆರೆಯಬೇಕು. ವಿನ್ಯಾಸ ಆಮೇಲೆ ನೋಡೋಣ. ನಡುವಿನದು ಹೇಗೂ ಹುಲ್ಲಿನ ಬಯಲು. ನಾಲ್ಕೂ ದಿಕ್ಕಿಗೆ ಗೇಟು ಬೇಕು, ಒಂದರಿಂದ ಹೊಕ್ಕು ಇನ್ನೊಂದರಿಂದ ಆಚೆ ಹೋಗುವ ಹಾಗೆ. ಆನಂದರಾವ್ ಸರ್ಕಲ್ ಕಡೆಯಿಂದ ಬಂದವರು ಒಳಗಿನಿಂದಲೇ ನಡೆದು ಬಸವೇಶ್ವರ ಸರ್ಕಲ್ ತಲುಪುವಂತಿರಬೇಕು. ಆಫೀಸಿಗೆ ಹೋಗುವ ದಾರಿ ಆದರೆ ಸಾಕು, ಪಾರ್ಕು ತಾನೇ ತುಂಬುತ್ತದೆ. ಒಂದು ವರ್ಷ ಹಾಗೆ ಬಿಟ್ಟು, ಯಾರು ಬಂದರು, ಎಲ್ಲಿ ಕೂತರು, ಯಾವ ಕಡೆ ಕಾಲುದಾರಿ ತಾನಾಗಿಯೇ ಮೂಡಿತು ಅಂತ ನೋಡಿ. ಅದಕ್ಕಿಂತ ಒಳ್ಳೆಯ ನಕ್ಷೆಯನ್ನು ಯಾವ ಕನ್ಸಲ್ಟೆಂಟೂ ಬಿಡಿಸಲಾರರು.

ಅಂಚಿನಲ್ಲಿ ಒಂದು ಪಟ್ಟಿಯಷ್ಟು ಜಾಗದಲ್ಲಿ ಬಾಡಿಗೆ ಮನೆ ಕಟ್ಟಿದರೆ ನಾನು ಬೇಡ ಅನ್ನುವುದಿಲ್ಲ. ಆದರೆ ಯಾರಿಗೆ? ಗಾಂಧಿನಗರದ ರಸ್ತೆ ಗುಡಿಸುವ ಪೌರಕಾರ್ಮಿಕರು ಬೆಳಗಿನ ಜಾವ ಎಲ್ಲೆಲ್ಲಿಂದಲೋ ಬರುತ್ತಾರೆ. ಆಸ್ಪತ್ರೆಯ ಆಯಾಗಳು, ಹೋಟೆಲಿನ ಅಡುಗೆಯವರು. ಊರ ನಡುವೆ ಕೆಲಸ ಮಾಡುವವರಿಗೆ ಊರ ನಡುವೆ ಮನೆ. ಹಾಗೇ ರೇಸ್ ಕೋರ್ಸಿನಲ್ಲೇ ಬದುಕು ಕಟ್ಟಿಕೊಂಡ ಜನ ಇದ್ದಾರೆ. ಕುದುರೆ ತೊಳೆಯುವವರು, ಮೇವು ಹಾಕುವವರು, ಕುದುರೆ ನೋಡಿಕೊಳ್ಳುವ ಸೈಸ್‌ಗಳು. ಕುದುರೆಯ ಬಗ್ಗೆ, ಜೂಜಿನ ಬಗ್ಗೆ ನಿಮಗೆ ಏನೇ ಅಭಿಪ್ರಾಯ ಇರಲಿ, ಮುಂಬೈಯಲ್ಲಿ ಗಿರಣಿ ಕೆಲಸದವರಿಗೆ ಆದದ್ದು ಇಲ್ಲಿ ಇವರಿಗೆ ಆಗಬಾರದು. ಮಾತುಕತೆಯ ಮೇಜಿನಲ್ಲಿ ಅವರಿಗೂ ಒಂದು ಕುರ್ಚಿ ಬೇಕು.

ಇನ್ನೊಂದು, ನೀರು. 2024ರ ಬೇಸಿಗೆ ಮರೆತಿಲ್ಲ ತಾನೇ? ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾದು, ಕೊಡ ಹಿಡಿದು ನಿಂತೆವು. ಸುಮಾರು ನೂರು ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಮೇಲಕ್ಕೆ ಎತ್ತಿ ಕುಡಿಯುವ ಊರು ನಮ್ಮದು. ಊರ ಮಧ್ಯದಲ್ಲಿ ಮಣ್ಣು ಕಾಣುವ 85 ಎಕರೆ ಅಂದರೆ ಮಳೆ ಇಂಗುವ 85 ಎಕರೆ. ಕಾಂಕ್ರೀಟು ಹಾಕಿದ ಮೇಲೆ ಅದೇ ನೀರು ರಸ್ತೆಗೆ ಬಂದು ನಮ್ಮ ಸ್ಕೂಟರಿನ ಸೈಲೆನ್ಸರ್ ಒಳಗೆ ಹೋಗುತ್ತದೆ.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದವು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕೇಳಿದರು: "ಅಮ್ಮಾ, ನಾಲ್ಕೂ ಕಡೆ ಗೇಟು ತೆಗೆದಿಟ್ಟರೆ ಪುಂಡರು ಸೇರ್ತಾರಲ್ಲ, ಕುಡುಕರು ಬರ್ತಾರಲ್ಲ?"

ನ್ಯಾಯವಾದ ಚಿಂತೆ. ನಮ್ಮ ಊರಿನ ಪಾರ್ಕುಗಳನ್ನು ಎಷ್ಟೋ ವರ್ಷ ಮಧ್ಯಾಹ್ನ ಮುಚ್ಚಿಡುತ್ತಿದ್ದದ್ದೂ ಇದೇ ಭಯಕ್ಕೆ. ಆದರೆ ಸರ್, ನಾನು ಹೇಳಿದ ಜೈಲಿನ ಗೋಡೆಯ ರಸ್ತೆ ನೆನಪು ಮಾಡಿಕೊಳ್ಳಿ. ಅಲ್ಲಿ ಗೇಟು ಇರಲಿಲ್ಲ, ಅದಕ್ಕೇ ಭಯ. ಒಂದು ಹೂವಿನ ಬುಟ್ಟಿ, ಒಂದು ಟೀ ಅಂಗಡಿ, ಎರಡು ದೀಪ ಇದ್ದಿದ್ದರೆ ನಾವು ಎದುರು ಬದಿಗೆ ದಾಟುತ್ತಿರಲಿಲ್ಲ. ಬೀಗ ಕಾಯುವುದಕ್ಕಿಂತ ಚೆನ್ನಾಗಿ ಓಡಾಡುವ ಜನ ಕಾಯುತ್ತಾರೆ. ಹಾಗಂತ ಕಾವಲುಗಾರ ಬೇಡ ಅನ್ನುತ್ತಿಲ್ಲ. ರಾತ್ರಿ ಪಾಳಿಗೆ ಸರಿಯಾದ ಸಂಬಳ ಕೊಟ್ಟು ಕಾವಲುಗಾರರನ್ನು ಇಡಬೇಕು. ಅವರಿಗೂ ಒಂದು ಕೋಣೆ, ಒಂದು ಶೌಚಾಲಯ ಇರಬೇಕು.

ಕಾಲೇಜಿನ ಹುಡುಗಿಯೊಬ್ಬಳು ಎದ್ದು, "ಆಂಟಿ, ಇದೆಲ್ಲ ದೊಡ್ಡವರು ತೀರ್ಮಾನ ಮಾಡೋದು. ನಾವು ಹೇಳಿದ್ರೆ ಯಾರು ಕೇಳ್ತಾರೆ?" ಅಂದಳು.

ಪುಟ್ಟಿ, ನಿನಗೆ ಸ್ಟೀಲ್ ಫ್ಲೈಓವರ್ ಗೊತ್ತಾ ಅಂತ ಕೇಳಿದೆ. ಗೊತ್ತಿರಲಿಲ್ಲ. ಆಗ ಅವಳು ಪ್ರೈಮರಿ ಸ್ಕೂಲಿನಲ್ಲಿದ್ದಳು. ಬಸವೇಶ್ವರ ಸರ್ಕಲ್‌ನಿಂದ, ಅಂದರೆ ಇದೇ ರೇಸ್ ಕೋರ್ಸಿನ ಮೂಲೆಯಿಂದ, ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ ಅಂದಿದ್ದರು. 800ಕ್ಕೂ ಹೆಚ್ಚು ಮರ ಹೋಗುತ್ತಿದ್ದವು. 2016ರ ಅಕ್ಟೋಬರ್ 16, ಭಾನುವಾರ ಬೆಳಿಗ್ಗೆ, ಸಾವಿರಾರು ಜನ ಆ ದಾರಿಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ನಾನೂ ನಿಂತಿದ್ದೆ, ನನ್ನ ಎಡಗಡೆ ಒಬ್ಬರು ಡಾಕ್ಟರು, ಬಲಗಡೆ ತಾತನ ಜೊತೆ ಬಂದ ಐದು ವರ್ಷದ ಹುಡುಗ. ಅವನ ಕೈ ಬೆವರಿ ಜಾರುತ್ತಿತ್ತು, ಮತ್ತೆ ಮತ್ತೆ ಹಿಡಿಯುತ್ತಿದ್ದ. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಕೇಳಿದರು ಪುಟ್ಟಿ. ನಿಂತರೆ ಕೇಳುತ್ತಾರೆ.

ಅವಳಿಗೆ ಇನ್ನೊಂದು ಮಾತೂ ಹೇಳಿದೆ. ಊರಿನ ಯಾವ ಜಾಗ ಯಾವುದಕ್ಕೆ ಅಂತ ಬಣ್ಣ ಹಾಕಿ ಹೇಳುವ ನಕ್ಷೆ ಮಾಸ್ಟರ್ ಪ್ಲಾನ್. ಈ ಊರು ಇವತ್ತಿಗೂ 2015ರ ಮಾಸ್ಟರ್ ಪ್ಲಾನ್ ಮೇಲೆ ನಡೆಯುತ್ತಿದೆ. 2031ರದ್ದರ ಕರಡು 2017ರಲ್ಲಿ ಹೊರಬಂತು, ಆಮೇಲೆ ಅದನ್ನು ಹಿಂದಕ್ಕೆ ಪಡೆದರು. ಮುಂದೆ ಹೊಸ ಕರಡು ಬಂದಾಗ ಆಕ್ಷೇಪಣೆ ಸಲ್ಲಿಸಲು ಸ್ವಲ್ಪ ದಿನ ಮಾತ್ರ ಕೊಡುತ್ತಾರೆ. ಆ ದಿನಗಳಲ್ಲಿ ನಕ್ಷೆ ತೆಗೆದು, ರೇಸ್ ಕೋರ್ಸಿನ ಜಾಗಕ್ಕೆ ಯಾವ ಬಣ್ಣ ಹಾಕಿದ್ದಾರೆ ಅಂತ ನೋಡಬೇಕು. ಹಸಿರು ಇದ್ದರೆ ಪಾರ್ಕು, ಬಯಲು ಅಂತ ಅರ್ಥ, ನೀಲಿ ಕೆಂಪು ಇದ್ದರೆ ಕಟ್ಟಡಕ್ಕೆ ಅಂತ ಅರ್ಥ. ಸರಿ ಇಲ್ಲ ಅನ್ನಿಸಿದರೆ ಕನ್ನಡದಲ್ಲೇ ಒಂದು ಪುಟ ಬರೆದು, ಸಹಿ ಹಾಕಿ, ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಬೇಕು. ಸೀಲು ಇಲ್ಲದ ಕಾಗದ ಯಾರ ಲೆಕ್ಕಕ್ಕೂ ಇಲ್ಲ, ಇದು ನನ್ನ ನೌಕರಿ ಕಲಿಸಿದ ಪಾಠ.

ಕೊನೆಗೆ ನಾವೆಲ್ಲ ಒಂದು ತೀರ್ಮಾನಕ್ಕೆ ಬಂದೆವು. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಮೈಸೂರು ಬ್ಯಾಂಕ್ ಸರ್ಕಲ್‌ನಲ್ಲಿ ಸೇರುವುದು. ಅಲ್ಲಿಂದ ಫ್ರೀಡಂ ಪಾರ್ಕ್ ಒಳಗೆ ಹೋಗಿ, ಅರ್ಧ ಗಂಟೆ ಸುಮ್ನೆ ಕೂತು, ಆಮೇಲೆ ರೇಸ್ ಕೋರ್ಸಿನ ಕಾಂಪೌಂಡಿನ ಸುತ್ತ ಒಂದು ಸುತ್ತು ನಡೆಯುವುದು. ಎಷ್ಟು ಗೇಟು ಇವೆ, ಯಾವುದು ಯಾವ ರಸ್ತೆಗೆ, ಹೊಸದಾಗಿ ಎಲ್ಲೆಲ್ಲಿ ತೆಗೆಯಬಹುದು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳೋಣ. ಬರುವವರು ಟೋಪಿ, ಪೆನ್ಸಿಲ್ಲು, ಕುಡಿಯುವ ನೀರು ತನ್ನಿ. ರೊಟ್ಟಿ ಚಟ್ನಿಪುಡಿ ನಾನು ತರುತ್ತೇನೆ.